ಏಕಾಂತಯ್ಯನವರ ಕೂಲಿಂಗ್ ಮಿಷನ್ನು

ಕೆಟ್ಟುಹೋದ ಮಿಷನ್ನು ತಂಪು ಕೊಡುವುದಿಲ್ಲ. ಆದರೆ ಮಾಮೂಲ್‌ಪೇಟೆಯ ಜವಳಿ ವ್ಯಾಪಾರಿ ಏಕಾಂತಯ್ಯನವರು ಬೊಂಬಾಯಿಯಿಂದ ತರಿಸಿ, ಚಾಮರಾಜಪೇಟೆಯ ತಮ್ಮ ಮನೆಯ ಕೋಣೆಕೋಣೆಗೂ ತಗಡಿನ ಕೊಳವೆ ಹಾಯಿಸಿದ ಕೂಲಿಂಗ್ ಮಿಷನ್ನಿನ ಮಾತೇ ಬೇರೆ. ಅದು ದೀಪಾವಳಿಗೇ ನಿಂತುಹೋಯಿತು. ರಿಪೇರಿಗೆ ಬಂದ ಫಿಟ್ಟರು "ಇದು ಸತ್ತಿದೆ ಸ್ವಾಮಿ, ಹೊಸದು ಹಾಕಿಸಿ" ಅಂದರೆ, "ಮೆಲ್ಲಗೆ ಮಾತಾಡಪ್ಪ, ವಿಶ್ರಾಂತಿ ತಗೊಳ್ತಿದೆ" ಎಂದು ಅವನನ್ನು ಸಾಗಹಾಕಿದರು. ಪೇಟೆಗೆಲ್ಲ ಡಂಗುರ ಹೊಡೆದು ತಂದದ್ದು ಕೆಟ್ಟಿತೆಂದು ಯಾವ ಬಾಯಲ್ಲಿ ಹೇಳಿಯಾರು? ಹಾಗಾಗಿ ಏಪ್ರಿಲ್ ಬಿಸಿಲಲ್ಲೂ ಕಿವಿಗೆ ಮಫ್ಲರ್ ಸುತ್ತಿ ಕೂರುತ್ತಾರೆ. ಬಂದವರಿಗೆ ಬಾಗಿಲಲ್ಲೇ ಶಾಲು ಹೊದಿಸಿ, "ಅಭ್ಯಾಸ ಇಲ್ದೋರಿಗೆ ಥಂಡಿ ಜಾಸ್ತಿ ಆಗುತ್ತೆ, ಹುಷಾರು" ಎನ್ನುತ್ತಾರೆ. ದೊಡ್ಡ ಮನುಷ್ಯರ ಮನಸ್ಸು ನೋಯಬಾರದೆಂದು ಬಂದವರೂ ಬೆವರುತ್ತಲೇ ಗಡಗಡ ನಡುಗುತ್ತಾರೆ. ಶಂಭುಲಿಂಗಪ್ಪ ಮೇಷ್ಟ್ರಂತೂ ಹಲ್ಲು ಕಟಕಟಿಸಿ ಇನ್ನೊಂದು ಶಾಲು ಕೇಳಿದರು. ತಂಪು ಸೋರೀತೆಂದು ಏಕಾಂತಯ್ಯನವರು ಕಿಟಕಿಗಳಿಗೆಲ್ಲ ಮೊಳೆ ಹೊಡೆಸಿದ್ದಾರೆ, ಅಡುಗೆಮನೆಯದಕ್ಕೂ. ಕೋಣೆಕೋಣೆಗೂ ಹಾಯ್ದ ಕೊಳವೆ ಅಲ್ಲಿಗೆ ಮಾತ್ರ ಯಾವತ್ತೂ ಹೋಗಿರಲಿಲ್ಲ. ಮೊನ್ನೆ ಸೌದೆ ಹೊಗೆಯಲ್ಲಿ ಕೆಮ್ಮಿ ಕೆಮ್ಮಿ ಕಣ್ಣು ಕೆಂಪಾದ ಹೆಂಡತಿ ಮಹಾನಂದಮ್ಮ ಕಾಫಿ ತಂದಿಟ್ಟು, "ಉಸಿರು ಕಟ್ತಿದೆ ಕಣ್ರೀ, ಅಡುಗೆಮನೆ ಕಿಟಕಿನಾದ್ರೂ ತೆಗೆಸಿ" ಎಂದರು. ಏಕಾಂತಯ್ಯನವರು ಬಂದವರ ಕಡೆ ತಿರುಗಿ, "ನೋಡಿ, ಇಷ್ಟು ಥಂಡೀಲಿ ಕಿಟಕಿ ತೆಗೀಬೇಕಂತೆ!" ಎಂದರು. ಎಲ್ಲರೂ ನಕ್ಕು ಶಾಲು ಬಿಗಿದುಕೊಂಡರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಮತ್ತೆ ಹೊಗೆಯೊಳಕ್ಕೆ ಹೋದರು. ಆ ಮನೆಗೆ ಹೋಗಿಬರುವ ಮಹನೀಯರೇ, ನಡುಗಿದ್ದು ಸಾಕು. ಶಾಲು ತೆಗೆದಿಟ್ಟು "ಸೆಕೆ" ಅನ್ನಿ, ಅಡುಗೆಮನೆಗೆ ಕೇಳಿಸುವ ಹಾಗೆ ಅನ್ನಿ.