ಸೇತುವೆ ಕಾಯುವ ವೀಬೆಯ ಗಿಣಿ

ಅರವತ್ತಮೂರು ವರ್ಷದವರೆಗೂ ವೀಬೆ ಟರ್ಪ್‌ಸ್ಟ್ರಾನಿಗೆ ಗಿಣಿಯ ಗೊಡವೆ ಇರಲಿಲ್ಲ. ಫ್ರೀಸ್‌ಲ್ಯಾಂಡಿನ ನಮ್ಮ ಕಾಲುವೆಯೂರಿನಲ್ಲಿ ಹಕ್ಕಿಯೆಂದರೆ ಬಾತು, ಕೊಕ್ಕರೆ, ವಸಂತದಲ್ಲಿ ಹುಲ್ಲುಗಾವಲಿಗೆ ಬಂದಿಳಿಯುವ ಟಿಟ್ಟಿಭ, ಅಷ್ಟೇ. ವೀಬೆ ಊರ ಸೇತುವೆ ಕಾಯುವವನು. ದೋಣಿ ಬಂದರೆ ಗಂಟೆ ಬಾರಿಸಿ, ರಸ್ತೆಗೆ ಅಡ್ಡಗಂಬ ಇಳಿಸಿ, ಸೇತುವೆ ಮೇಲೆತ್ತಬೇಕು. ದೋಣಿಯವರು ದಾಟುವಾಗ ಗಾಳದ ಕೋಲಿನ ತುದಿಗೆ ಕಟ್ಟಿದ ಮರದ ಪಾದುಕೆಯನ್ನು ಅವರ ಮೂಗಿನ ಮುಂದೆ ತೂಗಿಬಿಟ್ಟು ಸುಂಕ ಹಾಕಿಸಿಕೊಳ್ಳಬೇಕು. ಬಾಯಿ ಬಿಡುವ ಅಗತ್ಯವೇ ಇಲ್ಲದ ಕೆಲಸ. ವೀಬೆಗೆ ಹೇಳಿ ಮಾಡಿಸಿದಂತಿತ್ತು.

ಮಾತಾಡದಿರುವುದೇ ದೊಡ್ಡ ಗುಣ ಅಂತ ನಮ್ಮ ಕಡೆಯ ಗಂಡಸರು ನಂಬಿಕೊಂಡಿದ್ದಾರೆ. ಆ ಗುಣವೇ ವೀಬೆಯ ಮನೆ ಮುರಿಯಿತು. ಹೆಂಡತಿ ಹಿಸ್ಕೆ ಕ್ಯಾನ್ಸರಿನಿಂದ ಹಾಸಿಗೆ ಹಿಡಿದಿದ್ದಳು. ಜುಲೈ ತಿಂಗಳ ಒಂದು ಗುರುವಾರ ಬೆಳಿಗ್ಗೆ ಡಾಕ್ಟರು ಬಂದು, ಇನ್ನು ಇವತ್ತೋ ನಾಳೆಯೋ ಅಂದು ಹೋದರು. ಮಗಳು ನೀಂಕೆ ಅಮ್ಮನ ಕೈ ಹಿಡಿದು ಕೂತಳು. ವೀಬೆ ಮಾತ್ರ, ಏನೂ ಆಗಲ್ಲ, ನಾಲ್ಕು ಗಂಟೆಗೆ ಬರ್ತೀನಿ ಅಂದು ಸೈಕಲ್ ಹತ್ತಿ ಸೇತುವೆಗೆ ಹೊರಟುಬಿಟ್ಟ. ಹಿಸ್ಕೆ ಎರಡೂವರೆಗೆ ಕಣ್ಣು ಮುಚ್ಚಿದಳು. ಯಾಕೆ ಹೋದದ್ದು ಅಂತ ಮಗಳು ಕೇಳಿದ್ದಕ್ಕೆ ಅವನು ಹೇಳಿದ್ದು, ದೋಣಿಗಳು ಕಾಯ್ತಿದ್ದವು, ಅಂತ. ಮಣ್ಣು ಮಾಡಿದ ಮಾರನೆಯ ದಿನ ನೀಂಕೆ ದೇಶದ ಇನ್ನೊಂದು ತುದಿಯ ಮಾಸ್ಟ್ರಿಕ್ಟಿಗೆ ವಾಪಸು ಹೋದಳು. ಆಮೇಲೆ ಆರು ವರ್ಷ ಆ ಮನೆಯ ಹೊಸ್ತಿಲು ತುಳಿಯಲಿಲ್ಲ. ಹುಟ್ಟುಹಬ್ಬಕ್ಕೊಂದು ಕಾರ್ಡು ಬರುತ್ತಿತ್ತು. ಅದರಲ್ಲಿ ಹೆಸರು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಗಿಣಿ ಅವನ ಬದುಕಿಗೆ ಬಂದದ್ದು ಮಂಡಿಯ ದೆಸೆಯಿಂದ. ಆಪರೇಷನ್ ಆಗಿ ಕಾಲು ಚಾಚಿ ಕೂತವನಿಗೆ ಪಕ್ಕದ ಮನೆಯ ಗ್ರೀಟ್ ತನ್ನ ಹಳೆಯ ಟ್ಯಾಬ್ ಕೊಟ್ಟು, ಮಂಡಿಯ ವ್ಯಾಯಾಮದ ವಿಡಿಯೋ ಹಚ್ಚಿಕೊಟ್ಟಳು. ವ್ಯಾಯಾಮ ಮುಗಿದದ್ದೇ ತಾನಾಗಿ ಇನ್ನೊಂದು ವಿಡಿಯೋ ಶುರುವಾಯಿತು. ಅಮೆರಿಕದ ಯಾರೋ ದಪ್ಪ ಹೆಂಗಸು, ಅವಳ ಭುಜದ ಮೇಲೆ ಬೂದು ಬಣ್ಣದ ಗಿಣಿ. ಅದು ಅವಳ ಕಿವಿಯೋಲೆ ಕಚ್ಚಿ ಎಳೆಯಿತು, 'ಸಾರಿ' ಅಂದಿತು, ಮತ್ತೆ ಎಳೆಯಿತು. ವೀಬೆ ನಕ್ಕ. ಗೋಡೆಯಾಚೆ ಗ್ರೀಟ್‌ಗೆ ಕೇಳಿಸುವಷ್ಟು ಜೋರಾಗಿ ನಕ್ಕ. ಅವನಿಗೆ ಏನೋ ಆಗಿದೆ ಅಂತ ಅವಳು ಓಡಿ ಬಂದಳಂತೆ.

ಅಲ್ಲಿಂದ ಹುಚ್ಚು ಹತ್ತಿತು. ಬೆಳಿಗ್ಗೆ ಕಾಫಿಯ ಜೊತೆ ಗಿಣಿ, ಮಧ್ಯಾಹ್ನ ಬ್ರೆಡ್ಡಿನ ಜೊತೆ ಗಿಣಿ. ಸ್ನಾನ ಮಾಡುವ ಗಿಣಿ, ಬಾಗಿಲ ಚಿಲಕ ತೆಗೆಯುವ ಗಿಣಿ, ಮುನಿಸಿಕೊಂಡು ಗೋಡೆ ಕಡೆ ಮುಖ ಮಾಡಿ ಕೂರುವ ಗಿಣಿ. ಅವನ ಇಂಗ್ಲಿಷೂ ಗಿಣಿಗಳಿಂದಲೇ ಕಲಿತದ್ದು. ಆ ಬೇಸಿಗೆ ಇಂಗ್ಲೆಂಡಿನ ಒಬ್ಬ ದೋಣಿಯವನು ಸುಂಕ ಹಾಕಿದಾಗ, ವೀಬೆ ಬಹಳ ಮರ್ಯಾದೆಯಿಂದ 'ಗುಡ್ ಬರ್ಡ್' ಅಂದನಂತೆ. ಊರು ವಾರವಿಡೀ ಆ ಮಾತನ್ನೇ ಚಪ್ಪರಿಸಿತು.

ಆದರೆ ವಿಡಿಯೋದ ಆ ಅಮೆರಿಕದ ಹೆಂಗಸು ಹೇಳಿಕೊಟ್ಟ ಒಂದು ಪಾಠ ಅವನ ಮನಸ್ಸಿಗೆ ನಾಟಿತ್ತು. ಹೆದರಿದ ಹಕ್ಕಿ ಹಿಂದೆ ಸರಿದರೆ ಕೈ ಚಾಚಬಾರದು, ಎದ್ದು ಹೋಗಲೂಬಾರದು. ಹತ್ತಿರ ಕೂತು ಮಾತಾಡುತ್ತಿರಬೇಕು.

ಅನಾಥ ಗಿಣಿಗಳನ್ನು ಸಾಕುವ ಒಂದು ಆಶ್ರಮದಿಂದ ಅವನು ಕೋಬಾಳನ್ನು ತಂದ. ಇಪ್ಪತ್ತಮೂರು ವರ್ಷದ ಬೂದು ಗಿಣಿ. ಮೂರು ಮನೆ ಕಂಡು, ಮೂರರಿಂದಲೂ ಹೊರಬಿದ್ದು, ಎದೆಯ ಗರಿಯನ್ನೆಲ್ಲ ತಾನೇ ಕಿತ್ತುಕೊಂಡಿದ್ದಳು. ಇದೇನು ಸಾರು ಮಾಡೋಕೆ ತಂದದ್ದಾ ಅಂತ ಗ್ರೀಟ್ ಕೇಳಿದಳು. ವೀಬೆ ಪಂಜರದ ಪಕ್ಕ ಕುರ್ಚಿ ಹಾಕಿ ಕೂತ. ಹೇಳಲು ಏನೂ ತೋಚದೆ ಗಟ್ಟಿಯಾಗಿ ಪತ್ರಿಕೆ ಓದತೊಡಗಿದ: ಹಾಲಿನ ದರ, ಗಾಳಿಯ ದಿಕ್ಕು, ಸತ್ತವರ ಹೆಸರು. ಮೂವತ್ತು ವರ್ಷದಲ್ಲಿ ಹಿಸ್ಕೆಯ ಜೊತೆ ಆಡದಷ್ಟು ಮಾತನ್ನು ಎಂಟು ತಿಂಗಳಲ್ಲಿ ಈ ಗಿಣಿಯ ಮುಂದೆ ಆಡಿದ. ಕೋಬಾಳ ಎದೆಯ ಮೇಲೆ ಬೂದು ತುಪ್ಪುಳ ಚಿಗುರಿತು. ಅದನ್ನು ಕಂಡ ದಿನ ಅವನು ಅತ್ತ. ಇದನ್ನು ಅವನೇ ಗ್ರೀಟ್‌ಗೆ ಹೇಳಿದ, ನಾಚದೆ.

ಕೋಬಾ ಸೇತುವೆಯ ಗಂಟೆಯ ಸದ್ದು ಕಲಿತಳು. ಭಾನುವಾರ ಅವಳು ಗಂಟೆ ಬಾರಿಸಿದರೆ ವೀಬೆ ಬೆಚ್ಚಿ ಎದ್ದು ಕೋಟು ಹುಡುಕುತ್ತಿದ್ದ. ಆಗ ಅವಳು ಹಿಸ್ಕೆಯ ಪಟದ ಕಡೆ ತಲೆ ಓರೆ ಮಾಡಿ ಕೂರುತ್ತಿದ್ದಳು, ತನಗೇನೂ ಗೊತ್ತಿಲ್ಲದವಳ ಹಾಗೆ. ಒಂದು ದಿನ ಗ್ರೀಟ್ ಅದನ್ನು ವಿಡಿಯೋ ಮಾಡಿದಳು. ಅದನ್ನು ವೀಬೆ ಮಗಳಿಗೆ ಕಳಿಸಿದ, ಜೊತೆಗೆ ಒಂದಕ್ಷರ ಬರೆಯಲಿಲ್ಲ. ಹೆತ್ತವರನ್ನು ನೇರವಾಗಿ ನೀವು ಅನ್ನುವ ರೂಢಿ ನಮ್ಮಲ್ಲಿಲ್ಲ. ಎದುರಿಗೇ ಕೂತಿದ್ದರೂ, ಅಪ್ಪನಿಗೆ ಕಾಫಿ ಬೇಕಾ ಅಂತಲೇ ಕೇಳುವುದು. ಸಂಜೆ ಉತ್ತರ ಬಂತು: ಅಪ್ಪ ಪ್ರತೀ ಸಲವೂ ಮೋಸ ಹೋಗ್ತಾರಾ?

ಹೌದು, ಅಂತ ಅವನು ಬರೆದ. ಆಮೇಲೆ ದಿನಕ್ಕೊಂದು ವಿಡಿಯೋ ಹೋಯಿತು. ನೀಂಕೆ ಫೋನು ಮಾಡತೊಡಗಿದಳು, ಮೊದಮೊದಲು ಕೋಬಾಳನ್ನು ವಿಚಾರಿಸಲು, ಆಮೇಲೆ ಅವನ ಮಂಡಿಯನ್ನೂ. ಅವನು ಕೈ ಚಾಚಲಿಲ್ಲ, ಬಾ ಅನ್ನಲಿಲ್ಲ. ಡಿಸೆಂಬರಿನಲ್ಲಿ ಅವಳೇ ಹೇಳಿದಳು, ಕ್ರಿಸ್‌ಮಸ್ಸಿನ ಎರಡನೇ ದಿನ ಬರ್ತೀನಿ, ಅಮ್ಮ ಇದ್ದಾಗಿನ ಹಾಗೆ ಗೂರ್ಮೆಟ್ ಮಾಡೋಣ, ಅಂತ.

ಗೂರ್ಮೆಟ್ ಇಲ್ಲದ ಕ್ರಿಸ್‌ಮಸ್ ನಮ್ಮಲ್ಲಿ ಯಾರ ಮನೆಯಲ್ಲೂ ಇಲ್ಲ. ಊಟದ ಮೇಜಿನ ನಡುವೆ ಕರೆಂಟಿನ ಕಾವಲಿ ಇಟ್ಟು, ಪ್ರತಿಯೊಬ್ಬರೂ ಅಂಗೈಯಗಲದ ತಮ್ಮ ಬಾಣಲೆಯಲ್ಲಿ ಮಾಂಸದ ಚೂರು, ಅಣಬೆ, ಪುಟ್ಟ ದೋಸೆ ಬೇಯಿಸಿಕೊಂಡು ಗಂಟೆಗಟ್ಟಲೆ ತಿನ್ನುವುದು. ವೀಬೆ ಆಪರೇಷನ್ ಆದ ಮಂಡಿಯಲ್ಲೇ ಅಟ್ಟ ಹತ್ತಿ, ಹಿಸ್ಕೆಯ ಕೈಬರಹವಿದ್ದ ಗೂರ್ಮೆಟ್ ಡಬ್ಬ ಇಳಿಸಿ, ಧೂಳು ಒರೆಸಿದ.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾನ್‌ಸ್ಟಿಕ್ ಪಾತ್ರೆ ಅತಿಯಾಗಿ ಕಾದರೆ ಅದರಿಂದ ಹೊರಡುವ ಗಾಳಿ ಗಿಣಿಯ ಶ್ವಾಸಕೋಶವನ್ನು ಸುಡುತ್ತದೆ, ಮನುಷ್ಯನಿಗೆ ತಿಳಿಯುವುದೂ ಇಲ್ಲ. ಇದು ವೀಬೆಗೆ ಗೊತ್ತಿತ್ತು. ಅಮೆರಿಕದವಳ ಆ ವಿಡಿಯೋವನ್ನು ಮೂರು ಸಲ ನೋಡಿದ್ದ. ಕೋಬಾ ಬರುವ ಮೊದಲೇ ಅಡುಗೆಮನೆಯ ಬಾಣಲೆಗಳನ್ನೆಲ್ಲ ಎಸೆದು ಕಬ್ಬಿಣದ್ದನ್ನು ತಂದಿದ್ದ, ಗ್ರೀಟ್‌ಗೂ ಎಸೆಯುವಂತೆ ಉಪದೇಶ ಮಾಡಿದ್ದ. ಗೂರ್ಮೆಟ್‌ನ ಪುಟ್ಟ ಬಾಣಲೆಗಳೂ ನಾನ್‌ಸ್ಟಿಕ್ಕೇ, ಆದರೆ ಆ ಅಮೆರಿಕದವಳು ಗೂರ್ಮೆಟ್ ಕಂಡವಳಲ್ಲ. ನಮ್ಮವರಿಗೋ ಅದು ಪಾತ್ರೆ ಅಂತ ಅನ್ನಿಸುವುದೇ ಇಲ್ಲ. ಅದು ಕ್ರಿಸ್‌ಮಸ್. ಮಗಳು ಬರುತ್ತಾಳೆಂಬ ಸಂತೋಷದಲ್ಲಿ ಮುದುಕನಿಗೆ ಹೊಳೆಯಲೇ ಇಲ್ಲ.

ನೀಂಕೆ ತಾನೇ ಮಾಡಿದ ಸೇಬಿನ ಕೇಕು ಹಿಡಿದು ಮಧ್ಯಾಹ್ನ ಬಂದಳು. ಬಾಗಿಲಲ್ಲಿ ವೀಬೆ ಅವಳ ಕೋಟು ತೆಗೆದುಕೊಂಡ. ಕೋಬಾ ಗಂಟೆ ಬಾರಿಸಿದಳು, ಇಬ್ಬರೂ ನಕ್ಕರು. ಕಿಟಕಿಗಳನ್ನು ಮುಚ್ಚಿ, ಕಾವಲಿ ಹಚ್ಚಿ ಕೂತರು. ಮಾತು ಬೆಳೆಯಿತು. ಖಾಲಿ ಬಾಣಲೆಗಳು ಕಾಯುತ್ತಲೇ ಇದ್ದವು. ಒಂದು ಗಂಟೆಯೂ ಆಗಿರಲಿಕ್ಕಿಲ್ಲ, ಪಂಜರದಲ್ಲಿ ಏನೋ ಬಿದ್ದ ಸದ್ದಾಯಿತು.

ವೀಬೆ ತಿರುಗಿ ನೋಡಿದ. ಮೇಜಿನ ಕಡೆ ನೋಡಿದ. ಆ ಕ್ಷಣಕ್ಕೇ ಅವನಿಗೆ ಎಲ್ಲವೂ ತಿಳಿಯಿತು. ಕೋಬಾಳನ್ನು ಸ್ವೆಟರಿನೊಳಗೆ ಹಾಕಿಕೊಂಡು ಹಿತ್ತಲಿನ ಚಳಿಗೆ ಓಡಿದ. ಅವಳು ಎರಡು ಸಲ ಬಾಯಿ ತೆರೆದಳು. ಮೂರನೆಯ ಸಲ ತೆರೆಯಲಿಲ್ಲ.

ಹಿಂದೆಯೇ ಓಡಿಬಂದ ನೀಂಕೆ, ಏನಾಯ್ತು, ತಾನು ಬಾಗಿಲು ತೆರೆದಾಗ ಥಂಡಿ ಹೊಡೀತಾ ಅಂತ ಕೇಳಿದಳು. ವೀಬೆ ಮಗಳ ಮುಖ ನೋಡಿದ. ಆರು ವರ್ಷದ ಮೇಲೆ ಬಂದ ಮಗಳು. ವಯಸ್ಸಾಗಿತ್ತು, ಹೃದಯ ನಿಂತಿರಬೇಕು, ಅಂದ. ಬೂದು ಗಿಣಿಗಳು ಐವತ್ತು ವರ್ಷ ಬಾಳುತ್ತವೆಂದು ಅವಳಿಗೆ ಗೊತ್ತಿರಲಿಲ್ಲ. ಒಳಗೆ ಬಂದು ಅವನು ಕೇಕು ತಿಂದ, ಚೆನ್ನಾಗಿದೆ ಅಂದ. ಅವಳ ಕಾರು ತಿರುವು ದಾಟಿದ ಮೇಲೆ ಹಿತ್ತಲಿಗೆ ಹೋಗಿ ಹೆಪ್ಪುಗಟ್ಟಿದ ಮಣ್ಣನ್ನು ಅಗೆದ.

ಫೆಬ್ರವರಿಯಲ್ಲಿ ನೀಂಕೆ ಫೋನು ಮಾಡಿದಳು. ಅಪ್ಪನಿಗೆ ಇನ್ನೊಂದು ಗಿಣಿ ಕೊಡಿಸೋಣವೆಂದು, ಅದನ್ನು ಸಾಕುವ ರೀತಿ ತಿಳಿಯಲು ಅವಳೂ ವಿಡಿಯೋ ನೋಡತೊಡಗಿದ್ದಳು.

"ಅಪ್ಪನಿಗೆ ಗೊತ್ತಿತ್ತಾ? ಆ ಬಾಣಲೆ ವಿಷಯ."

"ಗೊತ್ತಿತ್ತು. ಅವಳು ಬಿದ್ದಾಗಲೇ ಹೊಳೀತು," ಅಂದ ವೀಬೆ.

"ಆಮೇಲೂ ಕೂತ್ಕೊಂಡು ಕೇಕ್ ತಿಂದ್ರಲ್ಲ."

"ನೀನು ಮಾಡ್ಕೊಂಡು ಬಂದಿದ್ದೆ."

ಅವಳು ಅಳುತ್ತಿದ್ದಳು. "ನನಗೆ ಬೈಬೋದಿತ್ತು. ಬೈದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಅಮ್ಮ ಹೋದಾಗ್ಲೂ ಅಷ್ಟೇ, ಏನೂ ಆಗಲ್ಲ, ದೋಣಿ ಕಾಯ್ತಿದ್ವು ಅಂತ. ಅಪ್ಪ ಮಾತಾಡೋದು ಕಲ್ತಿದಾರೆ ಅಂದ್ಕೊಂಡಿದ್ದೆ ನಾನು. ಹಕ್ಕಿ ಹತ್ರ ಆದ್ರೂ."

ಪಂಜರವಿದ್ದ ಜಾಗದಲ್ಲಿ ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿದಿತ್ತು. ವೀಬೆ ಅದನ್ನೇ ನೋಡುತ್ತ ನಿಂತಿದ್ದ.

"ಅವತ್ತು ಒಂದು ದೋಣಿನೂ ಕಾಯ್ತಿರ್ಲಿಲ್ಲ, ನೀಂಕೆ," ಅಂದ. "ಬದಲಿ ಆಳು ಇದ್ದ. ಮನೇಲೇ ಇರು ಅಂತ ಅವನೇ ಹೇಳಿದ್ದ. ನಿಮ್ಮಮ್ಮ ಉಸಿರು ಎಳೀತಿದ್ಳಲ್ಲ, ನಂಗೆ ನೋಡೋಕಾಗ್ಲಿಲ್ಲ. ಹೆದ್ರಿಕೆ ಆಯ್ತು. ಓಡ್ಹೋದೆ."



"ಇದೊಂದು ಮಾತು ಕೇಳೋಕೆ ಆರು ವರ್ಷ ಕಾದೆ ನಾನು," ಅಂದಳು ನೀಂಕೆ. "ಅದಕ್ಕೆ ಪಾಪ, ಕೋಬಾ ಸಾಯ್ಬೇಕಾಯ್ತಾ, ಅಪ್ಪ?"

ವೀಬೆ ಹೌದು ಅಂದ.