ದಿನಕ್ಕೆ ನಲವತ್ತು ನಿಮಿಷ ತಡ

ಬೆತ್ತದ ಕುರ್ಚಿ ಹೆಣೆಯುವ ಅವನನ್ನು ಬೀದಿಯವರೆಲ್ಲ ಬೆತ್ತದಣ್ಣ ಅಂತಲೇ ಕರೆಯುತ್ತಿದ್ದರು. ಅವನ ಕೈಕೆಲಸದ ಬಗ್ಗೆ ಎರಡು ಮಾತಿರಲಿಲ್ಲ. ಎಂಥ ಆನೆಗಾತ್ರದ ಆಸಾಮಿ ಧೊಪ್ಪನೆ ಕೂತರೂ ಅವನ ಕುರ್ಚಿ ಕಿರ್ ಅನ್ನುತ್ತಿರಲಿಲ್ಲ. ಜನ ಬಾಯಿಗೆ ಬಂದಂತೆ ಆಡುತ್ತಿದ್ದದ್ದು ಅವನ ನಿದ್ದೆಯ ಬಗ್ಗೆ.

ಇಪ್ಪತ್ಮೂರನೇ ವಯಸ್ಸಿನಲ್ಲಿ ಬಣ್ಣದ ಕಾರ್ಖಾನೆಯಲ್ಲಿ ಡಬ್ಬವೊಂದು ಸಿಡಿದು ಅವನ ಎರಡೂ ಕಣ್ಣು ಹೋಗಿದ್ದವು. ವರ್ಷವಿಡೀ ಮೂಲೆ ಹಿಡಿದು ಕೂತಿದ್ದವನು ಆಮೇಲೆ ಬೆತ್ತ ಹಿಡಿದ. ಬೆರಳಿಗೇ ಕಣ್ಣು ಬಂದಿದೆ ಅಂತ ಜನ ಹೊಗಳಿದರೆ, "ಮೊದಲ ಆರು ತಿಂಗಳು ಬಂದಿದ್ದು ಬರೀ ಬೊಬ್ಬೆ" ಅಂತ ನಗುತ್ತಿದ್ದ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಕಡೆ ಬೆತ್ತ ನೆನೆಹಾಕಿದ ತೊಟ್ಟಿ, ಇನ್ನೊಂದು ಕಡೆ ತಳ ಕಿತ್ತುಹೋದ ಕುರ್ಚಿಗಳ ಸಾಲು, ನಡುವೆ ಅವನ ಮೋಟು ಮಣೆ.

ಕೆಲವು ದಿನ ಬೆಳಿಗ್ಗೆ ಆರಕ್ಕೇ ಆ ಮಣೆಯ ಮೇಲೆ ಕೂತು ಬೆತ್ತ ಸೀಳುತ್ತಿರುತ್ತಿದ್ದ. ಆಗ ಅವನನ್ನು ಹಿಡಿಯುವವರೇ ಇರಲಿಲ್ಲ. ಹಾಲಿನವಳಿಗೆ, ಪೇಪರಿನವನಿಗೆ, ಪಕ್ಕದ ಮನೆಯ ಮೇಷ್ಟರಿಗೆ, ಎಲ್ಲರಿಗೂ ಶಿಸ್ತಿನ ಬಗ್ಗೆ ಭಾಷಣ. "ಬೇಗ ಏಳೋದು ಅಂದ್ರೆ ಏನಿಲ್ಲ ಮೇಷ್ಟ್ರೇ, ಮನಸ್ಸು ಮಾಡ್ಬೇಕು ಅಷ್ಟೆ." ಹದಿನೈದು ದಿನ ಕಳೆಯುವಷ್ಟರಲ್ಲಿ ಭಾಷಣಕಾರರು ಮಟಮಟ ಮಧ್ಯಾಹ್ನ ಹೊದಿಕೆಯೊಳಗೆ ಗೊರಕೆ ಹೊಡೆಯುತ್ತಿದ್ದರು. ಮೇಷ್ಟರು ಬಾಗಿಲ ಬಳಿ ನಿಂತು, "ಮನಸ್ಸು ಮಾಡ್ತಾ ಇದೀಯೇನಪ್ಪಾ?" ಅಂತ ಕೂಗಿ ಹೋಗುತ್ತಿದ್ದರು.

ತಾನು ಸೋಮಾರಿ ಎಂಬುದನ್ನು ಬೆತ್ತದಣ್ಣನೂ ಒಳಗೊಳಗೇ ಒಪ್ಪಿಕೊಂಡಿದ್ದ. ಬಾಯಲ್ಲಿ ಮಾತ್ರ ಒಂದಲ್ಲ ಒಂದು ನೆಪ ಇದ್ದೇ ಇರುತ್ತಿತ್ತು: ಸೆಕೆ, ಸಂಜೆಯ ಟೀ, ಮಂಚದ ದಿಕ್ಕು. ಒಮ್ಮೆ ನಿದ್ದೆಯಿಲ್ಲದೆ ಒದ್ದಾಡಿದ ವಾರದಲ್ಲಿ ಹೊಸ ದಿಂಬು ಕೊಂಡ. ಎರಡು ವಾರಕ್ಕೆ ನಿದ್ದೆ ತಾನಾಗಿ ಸರಿಹೋಯಿತು. ಎಲ್ಲ ದಿಂಬಿನ ಮಹಿಮೆ ಅಂತ ಸಾರಿ ಸಾರಿ ಮೂರು ಮನೆಯವರ ಕೈಲಿ ಅದೇ ದಿಂಬು ಕೊಳ್ಳಿಸಿದ. ಮುಂದಿನ ತಿಂಗಳು ಆ ಮೂರೂ ಮನೆಯವರು ಸುಖವಾಗಿ ಮಲಗಿದ್ದರು. ಇವನೊಬ್ಬ ಹೊರಳಾಡುತ್ತಿದ್ದ.

ಅವನು ಊರ ಬಾಯಿಗೆ ಬಿದ್ದದ್ದು ಗ್ರಂಥಾಲಯದ ಕುರ್ಚಿಗಳಿಂದ. ಮೂವತ್ತು ಕುರ್ಚಿ ಹೆಣೆದುಕೊಟ್ಟಿದ್ದ. ಕೊನೆಯ ಕಂತು ತಲುಪಿಸಲು ಹೋದವನು, ಬೆತ್ತ ಬಿಗಿಯಾಗಿದೆಯೇ ನೋಡೋಣ ಅಂತ ಒಂದರಲ್ಲಿ ಕೂತ. ಅಷ್ಟೇ. ನಿದ್ದೆ ಅವನನ್ನು ಎತ್ತಿಕೊಂಡು ಹೋಯಿತು. ಗ್ರಂಥಪಾಲಕಿ ಗಟ್ಟಿಯಾಗಿ ಹಾಳೆ ಮಗುಚಿದರೂ ಗದರುವ ಹೆಂಗಸು. ಅವಳ ಕೋಣೆಯಲ್ಲಿ ಹಾಡುಹಗಲೇ ಗರಗಸದ ಸದ್ದು! ಎಬ್ಬಿಸಲು ಮೂರು ಜನ ಬೇಕಾಯಿತು. ಕಣ್ಣುಜ್ಜುತ್ತಾ ಅವನು ಅಂದದ್ದು: "ಕುರ್ಚಿ ಚೆನ್ನಾಗಿದೆ, ಅದಕ್ಕೆ ನಾನೇ ಸಾಕ್ಷಿ."

ಸಂಜೆ ಮನೆಯಲ್ಲಿ ಅವನ ಸ್ವಂತ ಅಣ್ಣ ಕೂಗಾಡಿದ. "ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕ್ಬಿಟ್ಟೆಯಲ್ಲೋ! ಕಣ್ಣಿಲ್ಲ ಸರಿ, ನಾಚಿಕೆನೂ ಇಲ್ವಾ?"

ಬೆತ್ತದಣ್ಣ ತಲೆ ತಗ್ಗಿಸಿ ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತ.  

ಆ ಮಾತು ಹೆಚ್ಚಾಯಿತು ಅಂತ ಅನಿಸಿದ್ದು ಅತ್ತಿಗೆಗೆ. ಅಣ್ಣನಿಗೆ ಮದುವೆಯಾದದ್ದು ನಲವತ್ತೈದಕ್ಕೆ. ಅತ್ತಿಗೆ ಆ ಮನೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬಸ್ ಡಿಪೊದಲ್ಲಿ ಯಾವ ಬಸ್ಸು ಎಷ್ಟು ತಡ ಅಂತ ಬರೆದಿಡುವುದೇ ಅವಳ ನೌಕರಿ. ಹೇಳದೆ ಕೇಳದೆ ಅವಳು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಮೈದುನ ಎಷ್ಟು ಹೊತ್ತಿಗೆ ಎದ್ದ ಅಂತ ಪೆನ್ಸಿಲಿನಲ್ಲಿ ಗುರುತು ಹಾಕತೊಡಗಿದಳು. ತಾನು ಡಿಪೊಗೆ ಹೋದ ಮೇಲಿನ ಲೆಕ್ಕಕ್ಕೆ ಹಾಲಿನವಳನ್ನೂ ಮೇಷ್ಟರನ್ನೂ ವಿಚಾರಿಸುತ್ತಿದ್ದಳು.

ಒಂದೂಕಾಲು ತಿಂಗಳಾದ ಮೇಲೆ, ಅವನು ಆರಕ್ಕೆ ಎದ್ದು ಮತ್ತೆ ಶಿಸ್ತಿನ ಮಾತು ಶುರುಮಾಡಿದ ದಿನ, ಅವಳು ಅವನ ಎದುರು ಕೂತಳು.

"ನಮ್ಮ ಬಸ್ಸು ಒಂದು ದಿನ ಹತ್ತು ನಿಮಿಷ ತಡ, ಇನ್ನೊಂದು ದಿನ ಒಂದು ಗಂಟೆ ತಡ. ನೀನು ಮಾತ್ರ ದಿನಾ ನಲವತ್ತು ನಿಮಿಷ ಹಿಂದೆ ಬೀಳ್ತೀಯ. ಮೂವತ್ತಾರನೇ ದಿನಕ್ಕೆ ಒಂದು ಸುತ್ತು ಮುಗಿಸಿ ವಾಪಸ್ ಆರಕ್ಕೇ ಬಂದಿದೀಯ. ಸೋಮಾರಿಗಳು ಇಷ್ಟು ಕಟ್ಟುನಿಟ್ಟಾಗಿ ಇರಲ್ಲ ಕಣೋ."

"ಅತ್ತಿಗೆ, ನಾನೇನು ಬಸ್ಸಾ?"

"ಬರೆದಿಟ್ಕೋ. ಇವತ್ತಿಂದ ಹನ್ನೆರಡನೇ ದಿನ ನೀನು ಏಳೋದು ಮಧ್ಯಾಹ್ನ ಎರಡಕ್ಕೆ."

ಬೆತ್ತದಣ್ಣನಿಗೆ ರೋಷ ಬಂತು. ಹನ್ನೊಂದನೇ ದಿನ ರಾತ್ರಿ ಒಂಬತ್ತಕ್ಕೇ ಮಲಗಿ, ತಲೆಯ ಎರಡೂ ಪಕ್ಕ ಅಲಾರಂ ಇಟ್ಟುಕೊಂಡ. ನಿದ್ದೆ ಹತ್ತಿರ ಸುಳಿಯಲಿಲ್ಲ. ಬೆಳಿಗ್ಗೆ ಆರಕ್ಕೆ ಅಲಾರಂ ಕಿರುಚಿದಾಗ ಹಟಕ್ಕೆ ಎದ್ದು ಮಣೆಯ ಮೇಲೆ ಕೂತ. ತಲೆಯೊಳಗೆ ಹತ್ತಿ ತುಂಬಿದ ಹಾಗಿತ್ತು. ಏಳಕ್ಕೆ ಬೆತ್ತ ಕೈಯಿಂದ ಜಾರಿತು. ಅವನು ಮಣೆಯಿಂದ ಜಾರಿದ. ಎಚ್ಚರವಾದಾಗ ಮೇಷ್ಟರ ದನಿ ಕೇಳಿಸಿತು: "ಎರಡಕ್ಕೆ ಐದು ನಿಮಿಷ ಇದೆ. ಇನ್ನೂ ಐದು ನಿಮಿಷ ಮಲಗಿಬಿಡು ಮಾರಾಯ, ನಿಮ್ಮ ಅತ್ತಿಗೆ ಲೆಕ್ಕ ತಪ್ಪಬಾರದು."

ಮರುದಿನವೇ ಅತ್ತಿಗೆ ರಜೆ ಹಾಕಿ, ಕ್ಯಾಲೆಂಡರನ್ನು ಸುರುಳಿ ಸುತ್ತಿಕೊಂಡು, ತೂಕಡಿಸುತ್ತಿದ್ದ ಮೈದುನನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಆ ಗುರುತುಗಳನ್ನು ಎರಡು ಸಲ ನೋಡಿದರು.

"ಬೆಳಕು ಅನ್ನೋದು ಸ್ವಲ್ಪವಾದರೂ ಗೊತ್ತಾಗತ್ತಾ ನಿಮಗೆ?"

"ಇಲ್ಲ ಡಾಕ್ಟ್ರೇ, ಚೂರೂ ಇಲ್ಲ."

"ಎಲ್ಲರ ತಲೆಯೊಳಗೂ ಒಂದು ಗಡಿಯಾರ ಇರತ್ತೆ. ಹೆಚ್ಚಿನವರದ್ದು ಇಪ್ಪತ್ನಾಲ್ಕು ಗಂಟೆಗಿಂತ ಒಂಚೂರು ನಿಧಾನ. ದಿನಾ ಬೆಳಿಗ್ಗೆ ಕಣ್ಣಿಂದ ಒಳಗೆ ಹೋಗೋ ಬೆಳಕು ಅದರ ಮುಳ್ಳು ಸರಿ ಮಾಡತ್ತೆ. ನಿಮ್ಮ ಗಡಿಯಾರಕ್ಕೆ ಆ ಸುದ್ದಿ ತಲುಪ್ತಾ ಇಲ್ಲ. ಅದು ಪಾಪ ತನ್ನ ಪಾಡಿಗೆ ನಡೀತಾ ಇದೆ."

 ಬೆತ್ತದಣ್ಣ ಮೆಲ್ಲಗೆ ಕೇಳಿದ, "ಹಾಗಾದ್ರೆ ನಾನು ಸೋಮಾರಿ ಅಲ್ವಾ?"

"ಇದ್ದರೂ ಇರಬಹುದು, ನನಗೆ ಗೊತ್ತಿಲ್ಲ. ಆದ್ರೆ ಇದು ಸೋಮಾರಿತನ ಅಲ್ಲ."

ಅವನು ಜೋರಾಗಿ ನಕ್ಕ. ನಗುತ್ತಲೇ ಮೂಗು ಒರೆಸಿಕೊಂಡ. ಹದಿನೆಂಟು ವರ್ಷ ತನ್ನನ್ನು ತಾನು ಬೈದುಕೊಂಡದ್ದೆಲ್ಲ ದಂಡವಾಯಿತಲ್ಲ ಅನಿಸಿತು. ಅತ್ತಿಗೆ ನೋಡಿದರೂ ನೋಡದವಳಂತೆ ಕ್ಯಾಲೆಂಡರ್ ಸುತ್ತುತ್ತಾ ಕೂತಳು.

ಡಾಕ್ಟರಮ್ಮ ಬರೆದುಕೊಟ್ಟದ್ದು, ದಿನಾ ಮಲಗುವ ಮುಂಚೆ, ಒಂದೇ ಹೊತ್ತಿಗೆ, ಒಂದು ಸಣ್ಣ ಮಾತ್ರೆ. ನಿದ್ದೆ ಬರಿಸುವ ಮಾತ್ರೆಯಲ್ಲ, ಒಳಗಿನ ಗಡಿಯಾರಕ್ಕೆ ಹೊರಗೆ ಕತ್ತಲಾಯಿತು ಅಂತ ಹೇಳಿಬರುವ ಮಾತ್ರೆ. ಮೊದಲ ತಿಂಗಳು ಏನೂ ಆಗಲಿಲ್ಲ. ಬಿಟ್ಟುಬಿಡುತ್ತೇನೆ ಅಂತ ಅವನು ರಂಪ ಮಾಡಿದ. ಅತ್ತಿಗೆ ಬಾಯಿಮುಚ್ಚಿಸಿ ನುಂಗಿಸಿದಳು. ಎರಡನೇ ತಿಂಗಳ ಕೊನೆಗೆ ಜಾರಾಟ ನಿಂತಿತು. ಬೆಳಿಗ್ಗೆ ಆರೂವರೆ, ಮರುದಿನವೂ ಆರೂವರೆ, ಅದರ ಮರುದಿನವೂ.

ಅಣ್ಣ ಒಂದು ದಿನ ಬಂದು ಮಣೆಯ ಪಕ್ಕ ನೆಲದ ಮೇಲೆ ಕೂತ. ಅವತ್ತು ಆಡಿದ್ದು ತಪ್ಪಾಯಿತು ಅನ್ನುವುದಕ್ಕೆ ಅವನಿಗೆ ನಾಲಗೆ ಹೊರಳಲಿಲ್ಲ. ಅದರ ಬದಲು ಅರ್ಧ ಗಂಟೆ ಬೆತ್ತ ಸೀಳಿಕೊಟ್ಟ, ಅದೂ ಅಂಕುಡೊಂಕಾಗಿ. ಬೆತ್ತದಣ್ಣ ಬೆರಳಿನಲ್ಲೇ ಅದನ್ನು ಕಂಡುಕೊಂಡು ಮೆಲ್ಲಗೆ ಅವನ್ನೆಲ್ಲ ಪಕ್ಕಕ್ಕಿಟ್ಟ.

ಆದರೆ ದಿನಾ ಬೆಳಿಗ್ಗೆ ಏಳುವುದೆಂದರೆ ದಿನಾ ಬೆಳಿಗ್ಗೆ ಅಣ್ಣನ ಜೊತೆ ಇರುವುದು. ಮೂವತ್ತಾರು ದಿನಕ್ಕೆ ಏಳೆಂಟು ಸಲ ಅದನ್ನು ಸಹಿಸಬಹುದಿತ್ತು. ಈಗ ನೋಡಿದರೆ, ಅಣ್ಣ ಹಲ್ಲುಜ್ಜುವಾಗ ಕರುಳೇ ಕಿತ್ತು ಬರುವ ಹಾಗೆ ಕ್ಯಾಕರಿಸುತ್ತಾನೆ. ಚಪ್ಪಲಿ ಎಲ್ಲಿ ಅಂತ ನಾಲ್ಕು ಸಲ ಕೂಗುತ್ತಾನೆ. ಪೇಪರನ್ನು ಗಟ್ಟಿಯಾಗಿ, ತಪ್ಪು ತಪ್ಪಾಗಿ ಓದುತ್ತಾನೆ.

ಬೆತ್ತದಣ್ಣ ಒಂದು ವಾರ ತಡೆದುಕೊಂಡ. ಎಂಟನೇ ದಿನ ಅಡುಗೆಮನೆಗೆ ಬಂದು ಅತ್ತಿಗೆಯ ಕಿವಿಯ ಹತ್ತಿರ ಪಿಸುಗುಟ್ಟಿದ: "ಇದನ್ನ ದಿನಾ ಹೇಗೆ ತಡ್ಕೋತೀಯ?"

"ನಾನು ಏಳಕ್ಕೇ ಡಿಪೊಗೆ ಹೊರಟುಬಿಡ್ತೀನಿ," ಅಂದಳು ಅತ್ತಿಗೆ. "ನನ್ನ ಕೆಲಸ ಶುರುವಾಗೋದು ಎಂಟೂವರೆಗೆ, ಯಾರಿಗೂ ಹೇಳ್ಬೇಡ."