ಎರಡು ದೇವಿಯರ ನಡುವಿನ ವಸ್ತಿ

ಮರಾಠಿ ಸೀಮೆಯ ತಳೇಗಾಂವ ದಾಟಿದ ಮೇಲೆ ಎರಡು ಹಳ್ಳಿಗಳ ಮಧ್ಯೆ ನಮ್ಮ ವಸ್ತಿ. ಏಳೇ ಮನೆ. ಕಾರ್ಖಾನೆ ಕೆಲಸಕ್ಕೆಂದು ಧಾರವಾಡದ ಕಡೆಯಿಂದ ಬಂದ ನಮ್ಮಪ್ಪನಂಥವರು ಜಾಗ ಅಗ್ಗಕ್ಕೆ ಸಿಕ್ಕಿತೆಂದು ಕಟ್ಟಿಕೊಂಡದ್ದು. ಮೂಡಲ ಹಳ್ಳಿಯ ಪಂಚಾಯತಿ ನಮ್ಮನ್ನು ಪಡುವಲ ಹಳ್ಳಿಯವರು ಅನ್ನುತ್ತದೆ, ಪಡುವಲದ್ದು ಮೂಡಲದವರು ಅನ್ನುತ್ತದೆ. ಎರಡೂ ಊರಿಗೆ ನಲ್ಲಿ ಬಂದು ವರ್ಷಗಳಾದರೂ ನಾವು ಟ್ಯಾಂಕರಿನ ಹಾದಿ ಕಾಯುತ್ತಿದ್ದೆವು. ಮೊಣಕಾಲು ನೋವಿನ ಅವ್ವನೂ ಕೊಡ ಹಿಡಿದು ನಿಲ್ಲುತ್ತಿದ್ದಳು.

ಕಳೆದ ವರ್ಷ ನಲ್ಲಿ ಕೇಳಲು ಹೋದಾಗ ತಾಲೂಕು ಕಚೇರಿಯಲ್ಲಿ ಒಂದು ದಾರಿ ಹೇಳಿದರು: ವಸ್ತಿಯ ಇತಿಹಾಸ ಒಂದು ಪುಟ ಬರೆದುಕೊಡಿ, ಕೊನೆಗೆ ಯಾವ ಊರಿಗೆ ಸೇರಿದವರೆಂದು ಒಂದೇ ಹೆಸರು ಹಾಕಿ. ಮರಾಠಿ ಚೆನ್ನಾಗಿ ಬರೆಯುತ್ತೇನೆಂದು ಕೆಲಸ ನನ್ನ ಕೊರಳಿಗೆ ಬಿತ್ತು. ಅದೇನು ಮಹಾ ಎಂದುಕೊಂಡು ಕೂತೆ. ಮೊದಲ ಮನೆ ಯಾರದು ಅನ್ನುವಲ್ಲೇ ತಲೆ ಕೆಟ್ಟಿತು, ಮೂರು ಮನೆಯವರು ನಮ್ಮದೇ ಅಂದರು. ನನ್ನ ಶಾಲೆಯ ದಾಖಲೆಯಲ್ಲಿ ಒಂದು ಹಳ್ಳಿ, ತಂಗಿಯದರಲ್ಲಿ ಇನ್ನೊಂದು. ಹುಟ್ಟಿದ್ದು ಮಾತ್ರ ಇಬ್ಬರೂ ಒಂದೇ ಕೋಣೆಯಲ್ಲಿ.

ಇಲ್ಲಿ ನವರಾತ್ರಿಗೆ ಊರದೇವಿಗೆ ಎಡೆ ಒಯ್ದವರೇ ಆ ಊರಿನವರು. ಹಾಗಾಗಿ ಅವ್ವನನ್ನು ಕೇಳಿದೆ, "ನಾವು ಯಾವ ದೇವಿಗೆ ಎಡಿ ಒಯ್ತಿದ್ವಿ?"

"ಎರಡೂ ಕಡೆ," ಅಂದಳು. "ಹೊರಗಿಂದ ಬಂದವ್ರು ನಾವು. ಒಬ್ಬಾಕಿಗೆ ಒಯ್ದು ಇನ್ನೊಬ್ಬಾಕಿನ್ನ ಬಿಟ್ರ ಹ್ಯಾಂಗ? ಏಳೂ ಮನ್ಯಾವ್ರು ಹಂಗ ಮಾಡೇವಿ."

ನನಗೆ ಭಾರಿ ಸಿಟ್ಟು ಬಂತು. ಅದನ್ನು ನೋಡಿಯೇ ಅಲ್ಲವೆ ಒಂದೊಂದು ಊರಿನವರೂ ನಮ್ಮನ್ನು ಇನ್ನೊಂದು ಊರಿಗೆ ತಳ್ಳಿದ್ದು. ಆಮೇಲೆ ಆ ಸಿಟ್ಟು ಯಾರ ಮೇಲೆ ಎಂದೇ ತಿಳಿಯಲಿಲ್ಲ.

"ಒಂದ ಹೆಸರು ಹಾಕಬೇಕವ್ವಾ. ಯಾವುದು ಹಾಕಲಿ?"

"ಕಲ್ತಾಕಿ ನೀನು. ನನ್ನ ಕೇಳಬ್ಯಾಡ," ಎಂದು ಅಡುಗೆಮನೆಗೆ ಹೋದಳು.

ಎರಡು ದಿನ ಆ ಜಾಗ ಖಾಲಿ ಬಿಟ್ಟೆ. ಮೂರನೆಯ ದಿನ ಮೂಡಲ ಹಳ್ಳಿಯ ಹೆಸರು ಬರೆದೆ. ಅಲ್ಲಿಂದ ಪೈಪು ಹತ್ತಿರ ಅನ್ನುವುದೊಂದೇ ಕಾರಣ. ಇತಿಹಾಸ ಬರೆದೆನೋ ಅರ್ಜಿ ಬರೆದೆನೋ, ನನಗೆ ಇನ್ನೂ ಗೊಂದಲ.

ಈ ಬೇಸಿಗೆಗೆ ಅಂಗಳಕ್ಕೆ ನಲ್ಲಿ ಬಂತು. ತುಂಬಿದ ಮೊದಲ ಕೊಡವನ್ನು ಅವ್ವ ಒಳಗೆ ತರಲಿಲ್ಲ. ಕುಂಟುತ್ತ ಪಡುವಲ ಹಳ್ಳಿಯ ಹಾದಿ ಹಿಡಿದಳು. ನಾನು ಹಿಂದೆಯೇ ಹೋದೆ. ಅಲ್ಲಿಯ ದೇವಿಯ ಕಟ್ಟೆಗೆ ನೀರು ಹಾಕಿ ಸೆರಗೊಡ್ಡಿದಳು.

"ತಪ್ಪಾತು ತಾಯಿ. ಮಗಳು ನೀರಿಗಾಗಿ ಬರದಾಳ."